ಕಾಲಿಗೆ ಪ್ಲಾಸ್ಟರ್, ಕೈಗೆ ಕೆಲಸ

ಪ್ರಶ್ನೆ: ನನಗೆ 44 ವರ್ಷ. ಸ್ಕೂಟರ್ ಜಾರಿ ಬಿದ್ದು ಬಲ ಪಾದದ ಗಂಟಿನ ಹತ್ತಿರ ಮೂಳೆ ಮುರಿದಿದೆ. ಮೊಣಕಾಲಿನ ಕೆಳಗಿನಿಂದ ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ಊರಬಾರದು ಎಂದಿದ್ದಾರೆ. ಹತ್ತು ದಿನ ಕಳೆಯಿತು. ದಿನವಿಡೀ ಮೊಬೈಲ್ ನೋಡಿ ಕುತ್ತಿಗೆ, ಹೆಬ್ಬೆರಳು ನೋಯುತ್ತಿವೆ. ಮಧ್ಯಾಹ್ನ ಎರಡು ತಾಸು ನಿದ್ದೆ ಬಂದುಬಿಡುತ್ತದೆ, ರಾತ್ರಿ ಎರಡಾದರೂ ಎಚ್ಚರ. ಮನೆಯಲ್ಲಿ ಅತ್ತೆ ಮತ್ತು ಏಳನೇ ತರಗತಿಯ ಮಗ ಇದ್ದಾರೆ. ಕಸೂತಿ ಕಲಿಯುವ ಆಸೆ ಮೊದಲಿನಿಂದಲೂ ಇದೆ. ಈಗ ಶುರು ಮಾಡಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಮಾಡಬಹುದು. ಆದರೆ ಯಾವ ಕೆಲಸ ಎಂಬುದಕ್ಕಿಂತ ಮೊದಲು, ಕಾಲು ಎಲ್ಲಿರುತ್ತದೆ ಎಂದು ನೋಡಿಕೊಳ್ಳಿ. ಕಾಲು ಕೆಳಗೆ ಇಳಿಬಿಟ್ಟು ಕುಳಿತಷ್ಟೂ ಬಾವು ಪಾದಕ್ಕೆ ಇಳಿಯುತ್ತದೆ, ಪ್ಲಾಸ್ಟರ್ ಬಿಗಿಯಾಗುತ್ತದೆ. ಕುರ್ಚಿಯಲ್ಲಿ ಕುಳಿತು ಸ್ಟೂಲಿನ ಮೇಲೆ ಕಾಲಿಟ್ಟರೂ ಅದು ಎದೆಯ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಪಾದ ಎದೆಗಿಂತ ಮೇಲೆ ಬರಬೇಕೆಂದರೆ ಮಲಗಿ, ಮೀನಖಂಡದ ಉದ್ದಕ್ಕೂ ಎರಡು ದಿಂಬು ಕೊಡಬೇಕು. ಹಿಮ್ಮಡಿ ದಿಂಬಿನ ಅಂಚಿನಿಂದ ಆಚೆ ತೇಲುತ್ತಿರಲಿ. ಹಿಮ್ಮಡಿಯ ಮೇಲೇ ಭಾರ ಬಿದ್ದರೆ ಪ್ಲಾಸ್ಟರಿನೊಳಗೆ ಚರ್ಮ ಹುಣ್ಣಾಗುತ್ತದೆ.

ಹಾಗಾಗಿ ನಿಮ್ಮ ಹಗಲನ್ನು ಕೂರುವ ಹೊತ್ತು, ಮಲಗುವ ಹೊತ್ತು ಎಂದು ಒಡೆಯಿರಿ. ಅರ್ಧ ಗಂಟೆ ಕುಳಿತು ಮಾಡುವ ಕೆಲಸ, ಆಮೇಲೆ ಇಪ್ಪತ್ತು ನಿಮಿಷ ಕಾಲೆತ್ತಿ ಮಲಗಿ ಕೇಳುವ ಕೆಲಸ. ಕುಳಿತಾಗ ಬೆರಳುಗಳು ಊದಿ ಕಪ್ಪಿಟ್ಟರೆ ಅರ್ಧ ಗಂಟೆಗೂ ಕಾಯಬೇಡಿ, ಮಲಗಿ. ಪ್ರತಿ ಗಂಟೆಗೊಮ್ಮೆ ಕಾಲ್ಬೆರಳನ್ನು ಹತ್ತು ಸಲ ಮಡಚಿ ಬಿಡಿಸಿ. ತೊಡೆಯನ್ನು ಐದು ಸೆಕೆಂಡು ಬಿಗಿಹಿಡಿದು ಸಡಿಲಿಸುವುದನ್ನೂ ಹತ್ತು ಸಲ ಮಾಡಿ. ಆಕಾಶವಾಣಿ ಹಚ್ಚಿಟ್ಟುಕೊಂಡು ಮಲಗಿದರೆ ಈ ಲೆಕ್ಕ ಭಾರವೆನಿಸುವುದಿಲ್ಲ.

ಇನ್ನು ಕಸೂತಿ. ಇದು ಹಾಸಿಗೆ ಹಿಡಿದವರಿಗೆಂದೇ ಇದ್ದಂತಿದೆ: ಬಟ್ಟೆಯ ಮೇಲೆ ನಕ್ಷೆ ಬರೆಯುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಎಣಿಕೆಯಲ್ಲಿ ಮನಸ್ಸು ನಿಂತರೆ ನೋವಿನ ಕಡೆ ಗಮನ ಕಡಿಮೆಯಾಗುತ್ತದೆ. ಸಾಲು ಮುಗಿದಾಗ ನಿಲ್ಲಿಸಲೂ ಸುಲಭ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲ ವಾರ ನೇರ ಸಾಲಿನ ಗವಂತಿ ಸಾಕು. ಇಳಕಲ್ ಸೀರೆಯ ಸಣ್ಣ ಎಳೆಯ ಮೇಲೆ ಕಲಿಯಲು ಹೋಗಬೇಡಿ, ಕಣ್ಣು ಸೋತು ಎರಡನೇ ದಿನವೇ ಬಿಟ್ಟುಬಿಡುತ್ತೀರಿ. ಅರ್ಧ ಮೀಟರ್ ಮ್ಯಾಟಿ ಬಟ್ಟೆ (ಎಳೆಗಳು ಚೌಕ ಮನೆಗಳಂತೆ ಎದ್ದು ಕಾಣುವ ನೇಯ್ಗೆಯದು), ಮೊಂಡು ತುದಿಯ 24 ನಂಬರ್ ಸೂಜಿ, ಆರೆಳೆಯ ಎಂಬ್ರಾಯ್ಡರಿ ದಾರದ ಲಡಿ ತರಿಸಿಕೊಳ್ಳಿ. ಆರರಲ್ಲಿ ಎರಡು ಎಳೆ ಬಿಡಿಸಿ, 18 ಇಂಚು ಕತ್ತರಿಸಿ. ಅದಕ್ಕಿಂತ ಉದ್ದವಾದರೆ ದಾರ ಸಿಕ್ಕಾಗುತ್ತದೆ, ಪದೇಪದೇ ಬಟ್ಟೆಯಲ್ಲಿ ಉಜ್ಜಿ ನಾರೇಳುತ್ತದೆ.

ಗಂಟು ಹಾಕಬೇಡಿ. ತುದಿಯಲ್ಲಿ ಎರಡು ಇಂಚು ದಾರ ಬಿಟ್ಟು, ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಎಂದು ಸಾಲು ಮುಗಿಸಿ. ಹಿಂದಿರುಗಿ ಬರುವಾಗ ಬಿಟ್ಟ ಮನೆಗಳು ತುಂಬುತ್ತವೆ. ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಬಿಟ್ಟಿದ್ದ ತುದಿಯನ್ನು ಕೊನೆಗೆ ಹೊಲಿಗೆಯೊಳಗೇ ಹಾಯಿಸಿ. ಹಿಂದಿರುಗುವಾಗ ಸಾಲು ಕೂಡದಿದ್ದರೆ ಹೋಗುವಾಗಲೇ ಎಲ್ಲೋ ಒಂದು ಮನೆ ತಪ್ಪಿದೆ ಎಂದರ್ಥ, ಅಲ್ಲಿಯವರೆಗೆ ಬಿಚ್ಚದೆ ದಾರಿಯಿಲ್ಲ. ಅದಕ್ಕೇ ಹತ್ತು ಮನೆಗೊಮ್ಮೆ ಎಣಿಸಿ ನೋಡಿ. ಬಟ್ಟೆ ಸುಕ್ಕುಗಟ್ಟಿದರೆ ದಾರ ಜಗ್ಗಿ ಎಳೆಯುತ್ತಿದ್ದೀರಿ. ನೇರ ಸಾಲು ಬಂದ ಮೇಲೆ ಮೆಟ್ಟಿಲಿನಂತೆ ಏರುವ ಮುರ್ಗಿ, ಆಮೇಲೆ ಚಿಕ್ಕದೊಂದು ತುಳಸಿಕಟ್ಟೆ. ಗೋಪುರ, ತೇರು, ಆನೆಗೆ ಆತುರ ಬೇಡ.

ಬೆನ್ನು ಗೋಡೆಗೆ ಒರಗಿರಲಿ. ಮಡಿಲಲ್ಲಿ ದಿಂಬಿಟ್ಟು ಅದರ ಮೇಲೆ ಆರಿಂಚಿನ ರಿಂಗ್ ಹಿಡಿದರೆ ಬಟ್ಟೆ ಕಣ್ಣಿನ ಹತ್ತಿರ ಬರುತ್ತದೆ, ಕುತ್ತಿಗೆ ಬಗ್ಗುವುದಿಲ್ಲ. ನಿಮ್ಮ ಈಗಿನ ನೋವು ಮೊಬೈಲಿಗಾಗಿ ತಲೆ ತಗ್ಗಿಸಿದ್ದರಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಬಲಗೈ ಅಭ್ಯಾಸವಿದ್ದರೆ ಬೆಳಕು ಎಡಗಡೆಯಿಂದ ಬೀಳಲಿ, ಇಲ್ಲದಿದ್ದರೆ ಕೈಯ ನೆರಳೇ ಎಣಿಕೆ ಕೆಡಿಸುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರಕ್ಕೆ ಕಣ್ಣು ಹಾಯಿಸಿ. ಏಳುವ ಮುನ್ನ ಸೂಜಿ ಎಣಿಸಿ ಡಬ್ಬಿಗೆ ಹಾಕಿ. ಮತ್ತು ಎಷ್ಟೇ ಕಡಿತವಾದರೂ ಸೂಜಿಯನ್ನಾಗಲಿ ಕಡ್ಡಿಯನ್ನಾಗಲಿ ಪ್ಲಾಸ್ಟರಿನೊಳಗೆ ತೂರಿಸಬೇಡಿ. ಒಳಗೆ ಗೀರಿದ ಗಾಯ ಕಾಣುವುದಿಲ್ಲ, ಕೀವಾದ ಮೇಲೆಯೇ ಗೊತ್ತಾಗುವುದು.

ಸಂಜೆ ಮಗ ಶಾಲೆಯಿಂದ ಬಂದ ಮೇಲೆ ಚೌಕಾಬಾರ ಆಡಿ. ರಟ್ಟಿನ ಮೇಲೆ 25 ಮನೆ ಗೀಚಿ, ಇಬ್ಬರಿಗೂ ನಾಲ್ಕು ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒಂದು ಬದಿ ಬಿಳಿ ಕಾಣುವವರೆಗೆ ಕಲ್ಲಿಗೆ ತಿಕ್ಕಿದರಾಯಿತು: ನಾಲ್ಕೂ ಬಿಳಿ ಬಿದ್ದರೆ ಚೌಕ ನಾಲ್ಕು, ನಾಲ್ಕೂ ಕಪ್ಪಾದರೆ ಬಾರ ಎಂಟು. ಅಂಚಿರುವ ತಟ್ಟೆಯೊಳಗೆ ಗರ ಹಾಕಿ. ಮಂಚದ ಕೆಳಗೆ ಉರುಳಿದ ಕವಡೆಗಾಗಿ ಬಗ್ಗಲು ಹೋಗಿ ಬೀಳುವುದು ಬೇಡ. ಅತ್ತೆಯವರನ್ನೂ ಕೂರಿಸಿಕೊಳ್ಳಿ, ಗರಗಳ ಹಳೆಯ ಹೆಸರುಗಳು ಅವರಿಗೆ ಗೊತ್ತಿರಬಹುದು.

ಅಡುಗೆಮನೆಯ ಕೆಲಸದಲ್ಲಿ ಸೊಪ್ಪು ಸೋಸುವುದು, ಬೆಳ್ಳುಳ್ಳಿ ಸುಲಿಯುವುದು ಸರಿ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುವುದು ಮಾತ್ರ ಬೇಡ. ಆ ಕೈ ಕಣ್ಣಿಗೆ ತಾಗಿದರೆ ಊರುಗೋಲು ಹಿಡಿದು ನಲ್ಲಿಯತ್ತ ಓಡಲಾಗದು.

ನಿದ್ದೆ ಸರಿಹೋಗಲು ಹಗಲಿನ ಜಾಗವನ್ನೇ ಬದಲಿಸಿ. ಮಲಗುವ ಕೋಣೆ ಬಿಟ್ಟು ಪಡಸಾಲೆಯ ಕಿಟಕಿಯ ಬಳಿ ದಿವಾನ್ ಹಾಕಿಸಿಕೊಳ್ಳಿ. ಮಧ್ಯಾಹ್ನದ ನಿದ್ದೆ ಮೂರು ಗಂಟೆ ಹೊಡೆಯುವುದರೊಳಗೆ, ಅಲಾರಂ ಇಟ್ಟು ಅರ್ಧ ತಾಸು ಮಾತ್ರ. ನಾಲ್ಕರ ಮೇಲೆ ಚಹಾ ಬೇಡ.

ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ಕಾಲೆತ್ತಿ ಮಲಗಿದರೂ ನೋವು ಏರುತ್ತಲೇ ಹೋದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮೀನಖಂಡದಲ್ಲಿ ಹೊಸ ನೋವು, ಬಾವು ಬಂದರೂ ಅಷ್ಟೇ. ಅದು ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು. ದಿಢೀರ್ ಉಬ್ಬಸ ಅಥವಾ ಎದೆನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಡೆಂಗಿಯಿಂದ ಚೇತರಿಸಿಕೊಂಡ ಅಪ್ಪನಿಗೆ 67 ವರ್ಷ. ಪ್ಲೇಟ್‌ಲೆಟ್ ಸರಿಯಾಗಿವೆ, ಜ್ವರವಿಲ್ಲ. ಆದರೂ ಹತ್ತು ನಿಮಿಷ ಪತ್ರಿಕೆ ಓದಿದರೆ ಸುಸ್ತು. ಹೊತ್ತು ಕಳೆಯಲು ಏನು ಕೊಡಲಿ?
– ಓದುಗರು, ತುಮಕೂರು

ಉತ್ತರ: ಡೆಂಗಿಯ ಸುಸ್ತು ಜ್ವರ ಇಳಿದ ಮೇಲೂ ಕೆಲವು ವಾರ ಇರುವುದುಂಟು. ಹತ್ತು ನಿಮಿಷಕ್ಕೆ ದಣಿಯುವವರನ್ನು ಐದಕ್ಕೇ ನಿಲ್ಲಿಸಿ, ದಣಿಯುವ ಮೊದಲೇ ವಿಶ್ರಾಂತಿ ಕೊಡಿ. ಮೂರು ದಿನ ಅಷ್ಟು ಹಗುರವಾಗಿ ನಡೆದರೆ ಎರಡು ನಿಮಿಷ ಏರಿಸಿ. ಮರುದಿನ ಹೆಚ್ಚು ಸುಸ್ತಾದರೆ ಹಿಂದಕ್ಕೆ ಬನ್ನಿ. ಚೆನ್ನಾಗಿದೆ ಎನಿಸಿದ ದಿನ ಎಲ್ಲವನ್ನೂ ಮಾಡಿ ಮುಂದಿನ ಎರಡು ದಿನ ಮಲಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಪತ್ರಿಕೆಯನ್ನು ನೀವೇ ಓದಿ ಹೇಳಿ. ಹಳೆಯ ಫೋಟೋಗಳನ್ನು ದಿನಕ್ಕೆ ಐದರಂತೆ ತೆಗೆದು, ಹಿಂದೆ ಯಾರು, ಯಾವ ಊರು ಎಂದು ಅವರು ಹೇಳಿದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ನೋಡಲು ಬರುವವರಿಗೆ ಹದಿನೈದು ನಿಮಿಷ ಸಾಕು ಎಂದು ಬಾಗಿಲಲ್ಲೇ ಹೇಳಿಬಿಡಿ, ಬೇಸರವಾದರೂ ಚಿಂತೆಯಿಲ್ಲ.

ಜ್ವರ ಮರಳಿದರೆ, ತೂಕ ಇಳಿಯುತ್ತಿದ್ದರೆ, ಮಾತು ಗೊಂದಲವೆನಿಸಿದರೆ ವೈದ್ಯರಿಗೆ ತೋರಿಸಿ. ಎರಡು ವಾರವಾದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರದು ಎಂದರೆ ಅದು ಬರೀ ಸುಸ್ತು ಇರಲಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.