ಕೊನೆಯ ಮಾತು ಗಂಡನದ್ದಾದರೆ ನಾನು ಕೈಗೊಂಬೆನಾ?

"ಮನೆಯಲ್ಲಿ ಕೊನೆಯ ತೀರ್ಮಾನ ಗಂಡನದ್ದೇ. ನನಗೂ ಅದೇ ಇಷ್ಟ. ಆದರೆ ಗೆಳತಿಯರು ನೀನು ಅವನ ಕೈಗೊಂಬೆ ಅಂತಾರೆ, ನಿಜವಾ?" ಅಂತ ಕೇಳಿದ್ದೀರಿ.

ಅಷ್ಟಕ್ಕೇ ಯಾರೂ ಕೈಗೊಂಬೆ ಆಗುವುದಿಲ್ಲ. ನಾನೂ 14 ವರ್ಷದಿಂದ ಇಂಥದ್ದೇ ಸಂಸಾರ ಮಾಡುತ್ತಿದ್ದೇನೆ. ಆದರೆ ಒಂದು ಮಾತು ಕೇಳುತ್ತೇನೆ, ನೀವು ಅವರಿಗೆ "ಬೇಡ" ಅಂತ ಕೊನೆಯ ಸಲ ಅಂದಿದ್ದು ಯಾವಾಗ?

ನನಗಂತೂ ನೆನಪೇ ಇರಲಿಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು. ಮನೆಗೆ ಯಾವ ಬಣ್ಣ ಹೊಡೆಸುತ್ತೀಯ ಅಂತ ಅಕ್ಕ ಕೇಳಿದಳು. "ಅವರನ್ನ ಕೇಳಿ ಹೇಳ್ತೀನಿ" ಅಂದೆ. "ಅವರದ್ದಿರಲಿ, ನಿನಗೆ ಯಾವುದು ಇಷ್ಟ?" ಅಂದಳು. ಏನೂ ಹೊಳೆಯಲಿಲ್ಲ. ಸುಮ್ನೆ ನಿಂತುಬಿಟ್ಟೆ. ನನ್ನ ಗಂಡ ಬೈದವರಲ್ಲ, ಕೈ ಎತ್ತಿದವರೂ ಅಲ್ಲ, ಜಗಳ ಯಾಕೆ ಅಂತ ನಾನೇ ಒಂದೊಂದಾಗಿ ನನ್ನ ಇಷ್ಟಗಳನ್ನು ಹೇಳುವುದು ಬಿಟ್ಟಿದ್ದೆ, ಬಿಟ್ಟು ಬಿಟ್ಟು ಕೊನೆಗೆ ಅವು ಏನಿದ್ದವು ಅನ್ನುವುದೇ ಮರೆತುಹೋಗಿತ್ತು. ಆ ರಾತ್ರಿ ತುಂಬಾ ಅತ್ತೆ.

ಆಮೇಲೆ ಸಣ್ಣ ವಿಷಯಗಳಿಂದ ಬಾಯಿ ಬಿಡಲು ಶುರು ಮಾಡಿದೆ. ಅವರು ಬೇರೆ ಊರಿನಲ್ಲಿ ಕೆಲಸ ಹಿಡಿಯುತ್ತೇನೆ ಅಂದಾಗ "ನನಗೆ ಈಗ ಬೇಡ" ಅಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಪಕ್ಕದಲ್ಲಿ ಬಂದು ಕೂತು, ಯಾಕೆ ಬೇಡ ಹೇಳು ಅಂದರು. ಹೋದದ್ದೇನೋ ಹೋದೆವು, ಆದರೆ ಒಂದು ವರ್ಷ ತಡವಾಗಿ, ನನ್ನ ಓದು ಮುಗಿದ ಮೇಲೆ. ಈಗಲೂ ದೊಡ್ಡ ತೀರ್ಮಾನ ಅವರೇ ಮಾಡುತ್ತಾರೆ, ನನ್ನನ್ನು ಕೇಳಿ ಮಾಡುತ್ತಾರೆ.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಜೊತೆಗಾರರು ಹೊಸದಾಗಿ ಮದುವೆಯಾದ 130 ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಹೆಂಡತಿಯ ಮಾತಿಗೆ ಬೆಲೆಯೇ ಕೊಡದ ಗಂಡಂದಿರ ಸಂಸಾರ ಮುರಿಯುವುದು ಜಾಸ್ತಿ ಅಂತ 1998ರಲ್ಲಿ ಬರೆದರು.

ನೀವು "ಬೇಡ" ಅಂದಾಗ ಅವರು ಸಿಟ್ಟಾದರೆ ಪರವಾಗಿಲ್ಲ. ನಿಮಗೆ ಭಯವಾಗುತ್ತಾ? ಅದನ್ನು ನೋಡಿಕೊಳ್ಳಿ. ಪ್ರತಿ ಖರ್ಚಿಗೂ ಲೆಕ್ಕ, ಫೋನ್ ತಪಾಸಣೆ, ಗೆಳತಿಯರಿಂದ ದೂರ ಇಡುವುದು, ಇದೆಲ್ಲ ಇದ್ದರೆ ಅದು ಮುಂದಾಳತ್ವ ಅಲ್ಲವೇ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಒಂದು ಏಟು ಬೀಳದಿದ್ದರೂ ಇಂಥ ಹಿಡಿತವನ್ನು 2015ರ ಕಾನೂನು ಅಪರಾಧ ಅನ್ನುತ್ತದೆ. ಹಾಗಿದ್ದರೆ ನಿಮ್ಮ ಗೆಳತಿಯರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ, ಅವರಿಗೆ ಎಲ್ಲವನ್ನೂ ಹೇಳಿ.

ಭಯ ಇಲ್ಲ ಅಂದರೆ ಈ ವಾರವೇ ಏನಾದರೊಂದು ಸಣ್ಣದಕ್ಕೆ "ಬೇಡ" ಅಂದು ನೋಡಿ. ನಿಮ್ಮ ಹೆಸರಲ್ಲೇ ಒಂದು ಬ್ಯಾಂಕ್ ಖಾತೆಯೂ ಇರಲಿ. ಅಕ್ಕ ಕೇಳಿದ ಮರುವಾರವೇ ನಾನು ಒಂದು ತೆರೆದೆ, ಅವರಿಗೆ ಹೇಳಿಯೇ.