ಯೂನಿವರ್ಸಿಟಿ ಸಂಶೋಧನಾ ಸಂಕಿರಣದಲ್ಲಿ ಹತ್ತು ನಿಮಿಷ ಮಾತಾಡಬೇಕು, ಹೇಗೆ ತಯಾರಾಗಲಿ?

ನಿಮ್ಮ ಪ್ರಶ್ನೆ ಓದಿದೆ. ಬಿಎಸ್ಸಿ ಕೊನೆಯ ವರ್ಷ. ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಂಕಿರಣಕ್ಕೆ ಅಬ್‌ಸ್ಟ್ರಾಕ್ಟ್ (ನಿಮ್ಮ ಕೆಲಸದ ಸಾರಾಂಶ) ಆಯ್ಕೆಯಾಗಿದೆ. ಇನ್ನು ಮೂರು ವಾರ ಇದೆ. ಓದಿದ್ದು ಕನ್ನಡ ಮೀಡಿಯಂ, ವೇದಿಕೆ ನೆನೆಸಿಕೊಂಡರೆ ಎದೆ ಢವಢವ. ಇಷ್ಟೇ ಅಲ್ವಾ? ಕೆಲವು ವರ್ಷಗಳ ಹಿಂದೆ ನಾನೂ ಇದೇ ಸ್ಥಿತಿಯಲ್ಲಿದ್ದೆ. ನಾನು ಪಾವಗಡ ಕಡೆಯವನು, ಓದಿದ್ದು ಕೆಮಿಸ್ಟ್ರಿ. ನನ್ನ ವಿಷಯ ನಮ್ಮೂರ ಸುತ್ತಲಿನ ಬೋರ್‌ವೆಲ್ ನೀರಿನ ಫ್ಲೋರೈಡ್, ಕುಡಿಯೋ ನೀರಿನಲ್ಲಿ ಜಾಸ್ತಿಯಾದರೆ ಹಲ್ಲಿನ ಮೇಲೆ ಕಂದು ಕಲೆ ತರುತ್ತಲ್ಲ, ಅದು. ನನಗಾದದ್ದನ್ನೇ ಹೇಳುತ್ತೇನೆ, ನಿಮ್ಮ ವಿಷಯಕ್ಕೆ ನೀವೇ ಹೊಂದಿಸಿಕೊಳ್ಳಿ.

ಮೊದಲು ನಾನು ಮಾಡಿದ ದಡ್ಡತನ. ಒಂದು ವಾರ ಪೂರ್ತಿ ಸ್ಲೈಡ್ ಮಾಡುತ್ತಾ ಕೂತಿದ್ದೆ. ಹಿನ್ನೆಲೆ ನೀಲಿ ಇರಲೋ ಬಿಳಿ ಇರಲೋ, ಶೀರ್ಷಿಕೆ ಎಡಗಡೆಯಿಂದ ಹಾರಿ ಬರಲೋ ಬೇಡವೋ, ಇದೇ ಚಿಂತೆ. ಅದು ಒಂದು ಸಂಜೆಯ ಕೆಲಸ. ಉಳಿದ ದಿನಗಳಲ್ಲಿ ಮಾಡಬೇಕಾದದ್ದು ಒಂದೇ: ನಿಮ್ಮ ಲ್ಯಾಬಿನವರಲ್ಲದ, ಆದರೆ ವಿಷಯವನ್ನು ಕಣ್ಣಾರೆ ಕಂಡಿರುವ ಒಬ್ಬರ ಮುಂದೆ ಕೂತು ನಿಮ್ಮ ಕೆಲಸವನ್ನು ಹೇಳಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡೋದು. ನನಗೆ ಹಾಗೆ ಸಿಕ್ಕವರು ನಮ್ಮೂರ ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವವರು.

ಸಂಕಿರಣಕ್ಕೆ ಹದಿನೈದು ದಿನ ಇರುವಾಗ ಊರಿಗೆ ಹೋಗಿದ್ದೆ. ಸಂಜೆ ಹೊತ್ತು, ಅವರು ಪಂಪ್‌ಹೌಸ್ ಕಟ್ಟೆ ಮೇಲೆ ಬೀಡಿ ಸೇದುತ್ತಾ ಕೂತಿದ್ದರು. "ಏನಾಯ್ತಪ್ಪ ನಿನ್ನ ನೀರಿನ ಪರೀಕ್ಷೆ?" ಅಂದರು. ಸುಮ್ನೆ ಮೊಬೈಲ್ ತೆಗೆದು ನನ್ನ ಮ್ಯಾಪ್ ತೋರಿಸಿದೆ. 24 ಬೋರ್‌ವೆಲ್, 24 ಚುಕ್ಕಿ. ಕೆಂಪು ಚುಕ್ಕಿ ಅಂದರೆ ಫ್ಲೋರೈಡ್ ಮಿತಿ ದಾಟಿದೆ ಅಂತ. ಅವರು ಮ್ಯಾಪನ್ನು ಹಿಗ್ಗಿಸಿ, ಶಾಲೆ ಹಿಂದಿನ ಚುಕ್ಕಿ ಮೇಲೆ ಬೆರಳಿಟ್ಟರು. "ಇದನ್ನ ಎಲ್ಲಿ ಹಿಡಿದೆ?"

"ಅವತ್ತು ನೀವಿರಲಿಲ್ಲ ಅಣ್ಣ, ಶೆಡ್ಡಿಗೆ ಬೀಗ ಇತ್ತು. ಪಕ್ಕದ ಬೀದಿ ನಲ್ಲಿಯಲ್ಲಿ ಹಿಡಿದೆ."

ನಕ್ಕುಬಿಟ್ಟರು. "ಆ ನಲ್ಲಿಗೆ ಬರೋದು ಟ್ಯಾಂಕಿನ ನೀರು ಕಣಪ್ಪ. ಟ್ಯಾಂಕಿಗೆ ಈ ಬೋರಿಂದೂ ಬರ್ತದೆ, ಕೆರೆ ಅಂಗಳದ್ದೂ ಬರ್ತದೆ. ನೀನು ಹಿಡಿದಿದ್ದು ಯಾವುದು ಅಂತ ಆ ದೇವರಿಗೇ ಗೊತ್ತು."

ನನ್ನ ಗೈಡ್ ಆ ಮ್ಯಾಪನ್ನು ನಾಲ್ಕು ಸಲ ನೋಡಿದ್ದರು. ಕ್ಲಾಸ್‌ಮೇಟ್‌ಗಳು ಚಪ್ಪಾಳೆ ತಟ್ಟಿದ್ದರು. ಇದು ಯಾರಿಗೂ ಹೊಳೆದಿರಲಿಲ್ಲ, ಹೊಳೆಯೋದಕ್ಕೆ ಸಾಧ್ಯವೂ ಇರಲಿಲ್ಲ. ಹಾಗೆ ನಲ್ಲಿಯಲ್ಲಿ ಹಿಡಿದದ್ದು ಒಟ್ಟು ಎರಡು ಸ್ಯಾಂಪಲ್. ಮಾರನೇ ದಿನ ಬೆಳಿಗ್ಗೆ ಅವರೇ ಬೀಗ ತೆಗೆದರು. ಮೋಟರ್ ಹಾಕಿ ಹತ್ತು ನಿಮಿಷ ನೀರು ಹೋಗಲು ಬಿಟ್ಟೆವು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಕೊಂಡೆ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ, ಅದಕ್ಕೇ ಗಾಜಿನ ಬಾಟಲಿ ಬಳಸೋದಿಲ್ಲ. ಇನ್ನೊಂದು ಬೋರಿನ ಮೋಟರ್ ಸುಟ್ಟುಹೋಗಿತ್ತು. ಅದನ್ನು ಕೈಬಿಟ್ಟೆ. 24 ಇದ್ದದ್ದು 23 ಆಯಿತು.

ಸಂಕಿರಣದ ದಿನ ನನ್ನ ಮಾತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ಏನು ಗೊತ್ತಾ? "ಅಬ್‌ಸ್ಟ್ರಾಕ್ಟ್‌ನಲ್ಲಿ 24 ಅಂತಿದೆ, ಸ್ಲೈಡ್‌ನಲ್ಲಿ 23. ಒಂದು ಎಲ್ಲಿ ಹೋಯ್ತು?" ತೀರ್ಪುಗಾರರು ಅಬ್‌ಸ್ಟ್ರಾಕ್ಟ್ ಪುಸ್ತಕ ಮುಂದಿಟ್ಟುಕೊಂಡೇ ಕೂತಿರುತ್ತಾರೆ, ಇದು ನೆನಪಿರಲಿ. ನಾನು ಬೀಗ, ನಲ್ಲಿ, ಟ್ಯಾಂಕ್, ಸುಟ್ಟ ಮೋಟರ್ ಎಲ್ಲವನ್ನೂ ಅರ್ಧ ನಿಮಿಷದಲ್ಲಿ ಹೇಳಿದೆ. ನನ್ನ ಇಡೀ ಹತ್ತು ನಿಮಿಷದಲ್ಲಿ ತಡವರಿಸದೆ ಆಡಿದ ಮಾತು ಅದೊಂದೇ ಇರಬೇಕು.

ಹಾಗಾಗಿ ನಿಮ್ಮ ವಿಷಯದ ನೀರುಗಂಟಿ ಯಾರು ಅಂತ ಹುಡುಕಿ. ರೇಷ್ಮೆ ಹುಳದ ಮೇಲೆ ಕೆಲಸ ಮಾಡಿದ್ದರೆ ಹುಳ ಸಾಕುವವರು. ಸರ್ವೆ ಮಾಡಿದ್ದರೆ ಪ್ರಶ್ನಾವಳಿ ತುಂಬಿಕೊಟ್ಟವರಲ್ಲೇ ಒಬ್ಬರು. ಹಳೆಯ ಶಾಸನ ಓದಿದ್ದರೆ ಆ ಕಲ್ಲಿಗೆ ದಿನಾ ದೀಪ ಹಚ್ಚುವವರು.

ಇನ್ನು ಪ್ರಶ್ನೆಗಳ ವಿಷಯ. ನಿಮ್ಮ ಸ್ಲೈಡ್‌ಗಳಲ್ಲಿರುವ ಪ್ರತಿ ಅಂಕಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, "ಇದು ಎಲ್ಲಿಂದ ಬಂತು?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನಾನು "ಮಿತಿ 1.5 ಮಿಲಿಗ್ರಾಂ" ಅಂತ ಬರೆದಿದ್ದೆ. ಗೆಳೆಯನೊಬ್ಬ 1 ಅಲ್ವಾ ಅಂದ. ನೋಡಿದರೆ ಎರಡೂ ಸರಿ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಒಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ 1.5. ನಾನು ಯಾವುದನ್ನು ಹಿಡಿದೆ ಅನ್ನೋದರ ಮೇಲೆ ಮ್ಯಾಪಿನಲ್ಲಿ ಎಷ್ಟು ಚುಕ್ಕಿ ಕೆಂಪಾಗುತ್ತವೆ ಅನ್ನೋದು ನಿಂತಿತ್ತು! ಆಮೇಲೆ ಎರಡು ಬಣ್ಣ ಮಾಡಿದೆ, 1 ದಾಟಿದ್ದಕ್ಕೆ ಕಿತ್ತಳೆ, 1.5 ದಾಟಿದ್ದಕ್ಕೆ ಕೆಂಪು.

ಇನ್ನೊಂದು ಉದಾಹರಣೆ. ನಾನು ಬಳಸಿದ್ದು ಸ್ಪ್ಯಾಡ್ನ್ಸ್ ವಿಧಾನ. ಜಿರ್ಕೋನಿಯಂ ಸೇರಿದ ಕೆಂಪು ಬಣ್ಣದ ದ್ರಾವಣಕ್ಕೆ ನೀರು ಹಾಕಿದರೆ, ಫ್ಲೋರೈಡ್ ಆ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಬಣ್ಣ ತೆಳುವಾಗುತ್ತದೆ. ಅದನ್ನು 570 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯೋದು. ಅಂದರೆ ಬಣ್ಣ ಕಡಿಮೆಯಾದಷ್ಟೂ ಫ್ಲೋರೈಡ್ ಜಾಸ್ತಿ. ಹಾಗಾಗಿ ಗ್ರಾಫಿನ ಗೆರೆ ಮೇಲಕ್ಕೆ ಹೋಗೋ ಬದಲು ಕೆಳಕ್ಕೆ ಇಳಿಯುತ್ತದೆ. ನಮಗೆ ಲ್ಯಾಬಿನಲ್ಲಿ ನೋಡಿ ನೋಡಿ ಇದು ಮಾಮೂಲು. ಸಭೆಯಲ್ಲಿರುವ ಬಾಟನಿ ಪ್ರೊಫೆಸರ್‌ಗೆ "ಇವನು ಗ್ರಾಫ್ ತಲೆಕೆಳಗು ಹಾಕಿದ್ದಾನೆ" ಅನಿಸುತ್ತದೆ. ಆ ಸ್ಲೈಡ್ ಬಂದ ತಕ್ಷಣ ಒಂದು ವಾಕ್ಯದಲ್ಲಿ ಕಾರಣ ಹೇಳಿಬಿಟ್ಟೆ. ಹಾಗೇ, ಈ ವಿಧಾನ ನೆಟ್ಟಗೆ ಕೆಲಸ ಮಾಡೋದು ಲೀಟರಿಗೆ 1.4 ಮಿಲಿಗ್ರಾಂ ತನಕ ಮಾತ್ರ. ಅದಕ್ಕಿಂತ ಜಾಸ್ತಿ ಇದ್ದದ್ದನ್ನು ಹೇಗೆ ಅಳೆದೆ ಅಂತ ಕೇಳೇ ಕೇಳುತ್ತಾರೆ ಅಂತ ಗೊತ್ತಿತ್ತು, ಕೇಳಿದರು ಕೂಡ. ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳು ಮಾಡಿ ಅಳೆದು, ಬಂದ ಉತ್ತರವನ್ನು ಅಷ್ಟೇ ಪಟ್ಟು ಗುಣಿಸಿದೆ ಅಂತ ಹೇಳಿದೆ. ಉತ್ತರ ಒಂದೇ ಸಾಲು. ಆ ಒಂದು ಸಾಲು ಗೊತ್ತಿಲ್ಲದಿದ್ದರೆ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತಿತ್ತು.

ಗೊತ್ತಿಲ್ಲದ್ದನ್ನು ಕೇಳಿದರೆ? "ಅದನ್ನು ನಾನು ಅಳೆದಿಲ್ಲ ಸರ್" ಅನ್ನಿ, ಅಲ್ಲಿಗೆ ನಿಲ್ಲಿಸಿ. "ಬಹುಶಃ ಕ್ಯಾಲ್ಸಿಯಂ ಇರಬಹುದು, ಇಲ್ಲಾಂದ್ರೆ..." ಅಂತ ಶುರು ಮಾಡಿದರೆ ಮುಗೀತು, ಆ ಎಳೆ ಹಿಡಿದು ಎಳೆಯುತ್ತಲೇ ಇರುತ್ತಾರೆ.

ಇಂಗ್ಲಿಷ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ, ತಲೆ ಕೆಟ್ಟೇ ಕೆಡುತ್ತದೆ. ಕನ್ನಡ ಬೆರೆಸಿ ಮಾತಾಡಬಹುದಾ ಅಂತ ಸಂಘಟಕರಿಗೆ ಮೊದಲೇ ಒಂದು ಮೇಲ್ ಹಾಕಿ, ಎಷ್ಟೋ ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಹೀಗೆ ಮಾಡಿ. ಮೊದಲು ಪೂರ್ತಿ ಹತ್ತು ನಿಮಿಷವನ್ನು ಕನ್ನಡದಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೇಳಿ ನೋಡಿ. ಎಲ್ಲಿ ಕನ್ನಡದಲ್ಲೇ ತಡವರಿಸುತ್ತೀರೋ ಅಲ್ಲಿ ನಿಮಗೆ ವಿಷಯವೇ ಸರಿಯಾಗಿ ಗೊತ್ತಿಲ್ಲ, ಇಂಗ್ಲಿಷಿನ ತಪ್ಪಿಲ್ಲ. ಅದನ್ನು ಸರಿ ಮಾಡಿಕೊಂಡು ಆಮೇಲೆ ಇಂಗ್ಲಿಷಿಗೆ ಬನ್ನಿ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಪಾಠ ಇರಲಿ. ನಡುವಿನದ್ದನ್ನು ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಮುಂದಿನದ್ದೆಲ್ಲ ಹೋಗುತ್ತದೆ. ಶಾಲೆಯಲ್ಲಿ ಪದ್ಯ ಒಪ್ಪಿಸುವಾಗ ಆಗ್ತಿತ್ತಲ್ಲ, ಹಾಗೆ.

ಸಮಯ. ಹತ್ತು ನಿಮಿಷ ಅಂದರೆ ಬಹಳ ಕಡೆ ಪ್ರಶ್ನೆಯೂ ಅದರಲ್ಲೇ ಸೇರಿರುತ್ತದೆ, ಕೇಳಿ ತಿಳಿದುಕೊಳ್ಳಿ. ನಾನು ಎಂಟು ನಿಮಿಷಕ್ಕೆ ಎಂಟು ಸ್ಲೈಡ್ ಇಟ್ಟುಕೊಂಡಿದ್ದೆ. "ಫ್ಲೋರೈಡ್ ಎಂದರೇನು" ಅಂತ ಎರಡು ಸ್ಲೈಡ್ ಇದ್ದವು, ಹಿಂದಿನ ರಾತ್ರಿ ಒಂದನ್ನು ಕಿತ್ತುಹಾಕಿದೆ. ಬರೇ ಹಲ್ಲಿನ ಮೇಲಿನ ಕಂದು ಕಲೆಯ ಒಂದು ಫೋಟೋ ಉಳಿಸಿಕೊಂಡೆ. ನಮ್ಮ ಕಡೆ ಆ ಕಲೆಗೆ ವಿವರಣೆಯೇ ಬೇಡ.

ಸಭಾಂಗಣದ ವಿಷಯ ಬೇಗ ಹೇಳಿಬಿಡುತ್ತೇನೆ. ಪೆನ್‌ಡ್ರೈವ್‌ನಲ್ಲಿ ಪಿಪಿಟಿ ಜೊತೆ ಪಿಡಿಎಫ್ ಕೂಡ ಇರಲಿ, ಮೇಲ್‌ನಲ್ಲೂ ಒಂದು ಕಾಪಿ ಇರಲಿ. ಸ್ಲೈಡ್‌ನಲ್ಲಿ ಊರ ಹೆಸರು, ಗಾದೆ, ಏನಾದರೂ ಕನ್ನಡ ಇದ್ದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನನಗಿಂತ ಮುಂಚೆ ಮಾತಾಡಿದ ಹುಡುಗಿ ಜನಪದ ಒಗಟುಗಳ ಮೇಲೆ ಚೆಂದದ ಕೆಲಸ ಮಾಡಿದ್ದಳು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಳು. ಅಲ್ಲಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಒಗಟೆಲ್ಲ ಇಂಗ್ಲಿಷ್ ಅಕ್ಷರ, ಚುಕ್ಕಿ, ಬಾಲಗಳಾಗಿ ಪರದೆ ಮೇಲೆ ಬಂತು. ಪಾಪ, ಎಲ್ಲವನ್ನೂ ನೆನಪಿನಿಂದ ಹೇಳಿದಳು. ಹೇಳಿದ್ದು ಚೆನ್ನಾಗೇ ಇತ್ತು ಅನ್ನಿ. ಪಿಡಿಎಫ್ ಇದ್ದಿದ್ದರೆ ಆ ಕಷ್ಟ ಬರುತ್ತಿರಲಿಲ್ಲ.

ಕೊನೇ ಗಳಿಗೆಯಲ್ಲಿ ನಿಮ್ಮನ್ನು ಮಾತಿನ ಬದಲು ಪೋಸ್ಟರ್‌ಗೆ ಹಾಕಿದರೆ, ಡಿಸೈನ್ ಶುರು ಮಾಡುವ ಮೊದಲೇ ಪುಟದ ಅಳತೆ ಇಡಿ. ಎ0 ಅಳತೆಯ ಹಾಳೆ ಅಂದರೆ 841 ಮಿಮೀ ಅಗಲ, 1189 ಮಿಮೀ ಎತ್ತರ. ಫ್ಲೆಕ್ಸ್ ಅಂಗಡಿಯಲ್ಲಿ ಲೆಕ್ಕ ಅಡಿಯಲ್ಲಿ. "3 ಬೈ 4 ಹಾಕ್ತೀನಿ" ಅಂತ ಎಳೆದು ಹಿಗ್ಗಿಸಿಬಿಡುತ್ತಾರೆ, ದುಂಡಗಿನ ಪೈ ಚಾರ್ಟ್ ಮೊಟ್ಟೆಯಾಗುತ್ತದೆ.

ಮಾತು ಮುಗಿಸಿ ಕೆಳಗಿಳಿದ ತಕ್ಷಣ ಒಂದು ಕೆಲಸ ಮಾಡಿ. ಬಂದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಊಟದ ಸಾಲಿನಲ್ಲಿ ನಿಂತು ಕೇಳಿದ್ದನ್ನೂ ಸೇರಿಸಿ. ಸಂಜೆ ಹೊತ್ತಿಗೆ ಮರೆತುಹೋಗುತ್ತವೆ. ನನಗೆ ಬಹುಮಾನ ಬರಲಿಲ್ಲ. ಆದರೆ ಸಾಂಬಾರ್ ಬಕೆಟ್ ಪಕ್ಕ ನಿಂತಿದ್ದ ಒಬ್ಬ ಮೇಡಂ, "ಎಲ್ಲಾ ಸ್ಯಾಂಪಲ್ಲೂ ಬೇಸಿಗೆಯವೇ ಅಲ್ವಾ? ಮಳೆ ಬಿದ್ದ ಮೇಲೆ ಎಷ್ಟಿರುತ್ತೆ?" ಅಂತ ಕೇಳಿದ್ದರು. ಅಬ್‌ಸ್ಟ್ರಾಕ್ಟ್ ಪುಸ್ತಕದ ಹಿಂಬದಿಯಲ್ಲಿ ಅದನ್ನು ಬರೆದುಕೊಂಡೆ. ಆ ವರ್ಷ ಅಕ್ಟೋಬರ್‌ನಲ್ಲಿ ಅವೇ 23 ಬಾಟಲಿ ತೊಳೆದುಕೊಂಡು ಮತ್ತೆ ಊರಿಗೆ ಹೋದೆ. ಈ ಸಲ ಬೀಗದ ಕೈ ಗೊಂಚಲು ಹಿಡಿದು ನೀರುಗಂಟಿ ಅಣ್ಣ ಬೈಕಿನ ಹಿಂದೆ ಕೂತಿದ್ದರು.