ಹೊಳೆ ಕಾಯುವ ಆಟ: ದಂಡೆ ಬಿಟ್ಟು ಹಿಂದೆ ನಿಲ್ಲಿ

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಭಾನುವಾರ ಗೊಂಬೆ ಸೈನ್ಯಗಳ ಯುದ್ಧದಾಟ ಆಡುತ್ತೇವೆ. ಮೇಜಿನ ನಡುವೆ ಹೊಳೆ. ಅದಕ್ಕೆ ಒಂದು ಸೇತುವೆ, ನಡೆದು ದಾಟುವಂಥ ಎರಡು ಕಡವು. ನನ್ನದು ಮನುಷ್ಯರ ದಂಡು, ಎದುರಿಗೆ ರಾಕ್ಷಸರು. ಎಂಟು ಸುತ್ತು ತಡೆದರೆ ನಾನು ಗೆದ್ದಂತೆ. ಓಬವ್ವನ ಹಾಗೆ ನನ್ನ ಗಟ್ಟಿ ವೀರನನ್ನು ಸೇತುವೆ ಮೇಲೆ ನಿಲ್ಲಿಸುತ್ತೇನೆ. ಆದರೂ ಸತತ ಮೂರು ಸಲ ಸೋತೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗ, ಚಿತ್ರದುರ್ಗ

ಉತ್ತರ: ದುರ್ಗದವರಿಗೆ ಓಬವ್ವ ನೆನಪಾಗದೆ ಇನ್ಯಾರು ನೆನಪಾಗಬೇಕು! ಆದರೆ ಕಿಂಡಿ ಬೇರೆ, ಸೇತುವೆ ಬೇರೆ. ಕಿಂಡಿಯಲ್ಲಿ ತಲೆ ತೂರಿಸಿದವನಿಗೆ ಒಳಗೆ ಒನಕೆ ಇದೆ ಅಂತ ಗೊತ್ತಿರಲಿಲ್ಲ. ನಿಮ್ಮ ವೀರ ಮೊದಲ ಸುತ್ತಿನಿಂದಲೇ ಎಲ್ಲರಿಗೂ ಕಾಣುತ್ತಾನೆ. ಎದುರಾಳಿ ಬಿಲ್ಲುಗಾರರನ್ನು ತಂದು ಆರಾಮಾಗಿ ಹೊಡೆಯುತ್ತಾನೆ. ಅಷ್ಟರಲ್ಲಿ ಕಡವಿನ ಕಡೆ ನಿಮ್ಮವರು ಯಾರೂ ಇರುವುದಿಲ್ಲ, ಅಲ್ವಾ?

ನಾನೂ ಹೀಗೇ ಸೋತವನು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅಕ್ಕನ ಮನೆ ಮಹಡಿ ಮೇಲೆ ನಮ್ಮ ಆಟ. ಎದುರಿಗೆ ಅಕ್ಕನ ಮಗ, ಇಂಜಿನಿಯರಿಂಗ್ ಓದುವ ಹುಡುಗ. ಅವನ ಕುದುರೆಗಳು ದಂಡೆಗುಂಟ ಎಡಕ್ಕೆ ಹೊರಟವು. ನಾನು ಈಟಿಯವರನ್ನೆಲ್ಲ ಕರೆದುಕೊಂಡು ಹಿಂದೆಯೇ ಓಡಿದೆ. ಮೂರನೇ ಸುತ್ತಿಗೆ ಅವನು ತಿರುಗಿಬಿಟ್ಟ. ಕುದುರೆಗೆ ಒಂದು ಸುತ್ತಿನಲ್ಲಿ ಹತ್ತು ಇಂಚು ನಡಿಗೆ, ನನ್ನವರಿಗೆ ಆರು. ಖಾಲಿ ಬಿದ್ದ ಕಡವಿನಲ್ಲಿ ದಾಟಿ ಬಂದು, "ಮಾಮ, ಇದು ತಾಳಿಕೋಟೆ ಆಯ್ತಲ್ಲ" ಅಂದ.

ನಿಜವೇ. 1565ರಲ್ಲಿ ಕೃಷ್ಣೆಯ ಕಡವನ್ನು ವಿಜಯನಗರದವರು ಭದ್ರವಾಗಿ ಹಿಡಿದಿದ್ದರು. ಸುಲ್ತಾನರ ದಂಡು ಬೇರೆ ಕಡವು ಹುಡುಕುವವರ ಹಾಗೆ ದಂಡೆಗುಂಟ ನಡೆಯಿತು. ಈ ಕಡೆಯವರೂ ಜಾಗ ಬಿಟ್ಟು ಜೊತೆಗೇ ನಡೆದರು. ಆಮೇಲೆ ಅವರು ಸರಕ್ಕನೆ ಹಿಂದಿರುಗಿ ಹಳೇ ಕಡವಿನಲ್ಲೇ ದಾಟಿದರು ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ನನಗೆ ಜಾಸ್ತಿ ಇಷ್ಟವಾಗುವುದು ಅದಕ್ಕೂ ಮುಂಚಿನ 1520ರ ರಾಯಚೂರು ಯುದ್ಧ. ಆದಿಲ್ ಶಾಹ ಕೃಷ್ಣೆ ದಾಟಿಯೇ ಬಂದಿದ್ದ. ಕೃಷ್ಣದೇವರಾಯ ಅವನನ್ನು ಈಚೆ ದಡದಲ್ಲಿ ಮುರಿದ. ಓಡುವವರ ಬೆನ್ನಿಗೆ ಹೊಳೆ ಇತ್ತು.

ಹಾಗಾಗಿ ನೀವೂ ದಾಟಲು ಬಿಡಿ, ಎಲ್ಲರನ್ನಲ್ಲ. ನಿಮ್ಮ ಸೇತುವೆ ಮೂರು ಇಂಚು ಅಗಲ, ಗೊಂಬೆಯ ತಳ ಒಂದು ಇಂಚು ಅಂದುಕೊಳ್ಳಿ. ಸೇತುವೆ ಮೇಲೆ ನಿಂತರೆ ಮೂವರಿಗೆ ಮೂವರು. ಅದೇ ಸೇತುವೆ ಮುಗಿಯುವಲ್ಲಿ ಅರ್ಧ ಬಳೆಯ ಹಾಗೆ ಸುತ್ತುವರಿದು ನಿಂತರೆ, ಹೊರಬರುವ ಮೂವರ ಮೇಲೆ ನಿಮ್ಮವರು ಆರೇಳು ಜನ ಒಟ್ಟಿಗೆ ಕೈಮಾಡಬಹುದು. ವೀರನೂ ಆ ಬಳೆಯಲ್ಲೇ ಇರಲಿ. ಕಡವುಗಳಿಗೆ ಬಿಲ್ಲುಗಾರರು ಸಾಕು. ನೀರಿಗಿಳಿದರೆ ನಡಿಗೆ ಅರ್ಧ ಅನ್ನುವ ನಿಯಮ ನಿಮ್ಮಲ್ಲೂ ಇರಬೇಕು. ಆರು ಇಂಚಿನ ಹೊಳೆ ದಾಟಲು ಕಾಲಾಳಿಗೆ ಎರಡು ಸುತ್ತು ಬೇಕು, ಅಂದರೆ ನಿಮಗೆ ಎರಡು ಸಲ ಬಾಣ. ಉಳಿದವರನ್ನು ಎಂಟು ಇಂಚು ಹಿಂದೆ, ನಡುವೆ ಇಟ್ಟುಕೊಳ್ಳಿ. ಎದುರಾಳಿ ದಂಡೆಗುಂಟ ಎಷ್ಟೇ ಓಡಾಡಲಿ, ಅವನು ನೀರಿಗೆ ಕಾಲಿಡುವ ತನಕ ಅವರನ್ನು ಕದಲಿಸಬೇಡಿ. ಇದೇ ಕಷ್ಟ. ನನಗೆ ಈಗಲೂ ಕೈ ತುರಿಸುತ್ತದೆ.

ಹಾರುವ ರಾಕ್ಷಸರಿದ್ದರೆ ಮಾತ್ರ ಹೊಳೆ ಇದ್ದೂ ಇಲ್ಲದಂತೆ. ಅವರಿಗಂತಲೇ ನಾಲ್ಕು ಬಿಲ್ಲು ಎತ್ತಿಡಿ.

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಹೊಳೆ ಮಾಡುವುದು ಹೇಗೆ?
– ಓದುಗಿ, ಹರಿಹರ

ಉತ್ತರ: ಹಾರ್ಡ್‌ಬೋರ್ಡ್ ಪಟ್ಟಿ ಕತ್ತರಿಸಿ ಬಣ್ಣ ಬಳಿಯಿರಿ. ಅದರ ಮೇಲೆ ಫೆವಿಕಾಲ್ ಅನ್ನು ತೆಳ್ಳಗೆ ಮೂರ್ನಾಲ್ಕು ಸಲ, ಪ್ರತಿ ಸಲ ಒಣಗಿಸಿ ಹಚ್ಚಿ. ಒಂದೇ ಸಲ ದಪ್ಪಗೆ ಸುರಿದರೆ ಒಳಗೆ ಬೆಳ್ಳಗೇ ಉಳಿಯುತ್ತದೆ. ದಂಡೆಗೆ ಥರ್ಮಾಕೋಲ್ ಸಾಕು, ಆದರೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕರಗಿಹೋಗುತ್ತದೆ. ನೀಲಿ ಬಣ್ಣವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ನಿಮ್ಮೂರಿನ ಸೇತುವೆ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದ್ದೀರಲ್ಲ, ಆ ಕೆಂಪು ಹಾಕಿ.

ಮತ್ತೆ, ಆಡುವಾಗ ಮಂಡಕ್ಕಿ ಮಿರ್ಚಿ ತಟ್ಟೆ ಮೇಜಿನಿಂದ ದೂರ ಇರಲಿ. ಎಣ್ಣೆ ಬೆರಳು ತಾಗಿ ನನ್ನ ಸೇನಾಪತಿಯ ಮುಖ ಇವತ್ತಿಗೂ ಮಿರಮಿರ ಮಿಂಚುತ್ತದೆ.